ಮುಂಚೆ ಬಂದ ಚಿನ್ನ

ಎಲ್ಲಾ ಶುರುವಾದದ್ದು ಎರಡು ಮೊಳ ನೆರಳಿನಿಂದ.

ಕಿರ್ಗಿಜ್ ನಾಡಿನ ನಾರಿನ್ ಊರಿನ ಹೊಳೆದಂಡೆಯಲ್ಲಿ ಐದು ಮಹಡಿಯ ಹಳೇ ಕಟ್ಟಡ. ಐದನೇ ಮಹಡಿಯ ಬಾಲ್ಕನಿಯಲ್ಲಿ ಎಸೆನ್‌ಕುಲನ ಡಿಶ್ ನಿಂತಿತ್ತು. ಅದೇನು ಅಂತಿಂಥ ಡಿಶ್ ಅಲ್ಲ. ಕೆಳಗಿಳಿಸಿ ಮಲಗಿಸಿದರೆ ಒಂದು ಕೊಬ್ಬಿದ ಟಗರು ಕಾಲು ಚಾಚಿ ಅದರಲ್ಲಿ ನಿದ್ದೆ ಮಾಡಬಹುದಿತ್ತು. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಅದರ ನೆರಳು ನೆಟ್ಟಗೆ ಕೆಳಮನೆಯ ಬಾಲ್ಕನಿಗೆ ಇಳಿದು, ಬೂಬುಸಾರ ಎಜೆ ಒಣಹಾಕಿದ ಕುರುತ್ ಉಂಡೆಗಳ ಮೇಲೆ ಕೂರುತ್ತಿತ್ತು. ಹುಳಿಮೊಸರು ಹಿಂಡಿ ಕಟ್ಟಿದ ಉಂಡೆ ಬಿಸಿಲಲ್ಲಿ ಒಣಗಿದರೆ ಕುರುತ್, ನೆರಳಲ್ಲಿ ಒಣಗಿದರೆ ಒದ್ದೆ ಕಾಲುಚೀಲ ಎಂಬುದು ಎಜೆಯ ಸಿದ್ಧಾಂತ.

ಎಜೆ ಅಂದರೆ ಅಕ್ಕ. ಬೂಬುಸಾರ ಇಡೀ ಕಟ್ಟಡಕ್ಕೆ ಅಕ್ಕನೇ. ಆದರೆ ಅಕ್ಕಾ ಎಂದು ಹತ್ತಿರ ಹೋಗಿ ನಿಂತವರು ಕಡಿಮೆ. ಬ್ರೆಡ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೇಲ್ವಿಚಾರಕಿಯಾಗಿದ್ದು, ಈಗ ಕಟ್ಟಡದ ಸಮಿತಿಗೆ ಮುಖ್ಯಸ್ಥೆ. ನೋಟೀಸು ಅಂಟಿಸಲು ಆಕೆ ಗೋಂದು ಬಳಸಿದವಳಲ್ಲ, ಮೈದಾಹಿಟ್ಟು. ಅದನ್ನು ಕೀಳಬೇಕಾದರೆ ಬಾಗಿಲಿನ ಬಣ್ಣವೂ ಜೊತೆಗೆ ಬರುತ್ತಿತ್ತು. ಆ ದಿನ ಬೆಳಿಗ್ಗೆ ಎಸೆನ್‌ಕುಲನ ಬಾಗಿಲಿಗೆ ಮೂರನೆಯ ನೋಟೀಸು ಬಿದ್ದಿತ್ತು: "ಇಂದು ಸಂಜೆ ಆರರೊಳಗೆ ಡಿಶ್ ಇಳಿಸತಕ್ಕದ್ದು. ತಪ್ಪಿದಲ್ಲಿ ಅಬ್ದಿಲ್ದಾ ಇಳಿಸುತ್ತಾನೆ."

ಅಬ್ದಿಲ್ದಾ ಒಂದನೇ ಮಹಡಿಯವನು, ಗೇಟು ಬಾಗಿಲು ವೆಲ್ಡಿಂಗ್ ಮಾಡುವವನು. ಅವನು ಇಳಿಸಿದ ಯಾವ ವಸ್ತುವೂ ಇಡಿಯಾಗಿ ಮತ್ತೆ ಮೇಲೇರಿದ ದಾಖಲೆ ಇರಲಿಲ್ಲ.

"ನೀವೇ ಇಳಿಸಿಬಿಡ್ರೀ" ಎಂದಳು ಹೆಂಡತಿ ಜಿಪಾರ್, ಚಹಾ ಬಗ್ಗಿಸುತ್ತಾ. "ಅವ್ನು ಬಂದ್ರೆ ಬಾಲ್ಕನೀನೂ ಇಳಿಸ್ತಾನೆ."

"ಇಳಿಸ್ತೀನಿ. ಒಂದ್ಸಲ ನೋಡ್ಕೊಂಡು ಇಳಿಸ್ತೀನಿ."

"ಹದಿನಾಲ್ಕು ವರ್ಷದಿಂದ ನೋಡ್ತಾನೇ ಇದೀರ. ಏನು ಕಂಡ್ರಿ ಅದ್ರಲ್ಲಿ?"

ಎಸೆನ್‌ಕುಲ್ ಸ್ಪ್ಯಾನರ್ ಹುಡುಕಲು ಎದ್ದ. ಹೇಳಿದರೂ ಅರ್ಥವಾಗುವಂಥದ್ದಲ್ಲ. ಊರವರೆಲ್ಲ ಟೀವಿ ನೋಡುತ್ತಾರೆ. ಎಸೆನ್‌ಕುಲನಿಗೆ ಟೀವಿ ಅಂದರೆ ಯಾರೋ ಬೇಯಿಸಿ, ಒಗ್ಗರಣೆ ಹಾಕಿ, ತಣ್ಣಗಾದ ಮೇಲೆ ಬಡಿಸಿದ ಊಟ. ಅವನಿಗೆ ಬೇಕಾದದ್ದು ಅಡುಗೆಮನೆ. ಆಟದ ಮೈದಾನದಿಂದ, ಮಂತ್ರಿಯ ಮನೆ ಮುಂದಿಂದ, ಪ್ರವಾಹದ ದಂಡೆಯಿಂದ ಚಾನೆಲ್‌ನವರು ತಮ್ಮ ಕಚೇರಿಗೆ ಉಪಗ್ರಹದ ಮೂಲಕ ಕಳಿಸುವ ಹಸಿಹಸಿ ಚಿತ್ರ ಇದೆಯಲ್ಲ, ಫೀಡ್ ಅಂತಾರೆ, ಅದನ್ನು ಅವನು ಡಿಶ್ ತಿರುಗಿಸಿ ತಿರುಗಿಸಿ ಹುಡುಕಿ, ಕಂಪ್ಯೂಟರಿಗೆ ಹಾಕಿಸಿಕೊಂಡ ಒಂದು ಕಾರ್ಡಿನಿಂದ ಹಿಡಿಯುತ್ತಿದ್ದ. ಅದರಲ್ಲಿ ಮಾತುಗಾರರ ಗದ್ದಲವಿಲ್ಲ, ಜಾಹೀರಾತಿಲ್ಲ. ಚಿತ್ರವೋ, ಆಟಗಾರನ ಕಿವಿಯ ಕೂದಲು ಎಣಿಸಬಹುದು. ಸುದ್ದಿ ಓದುವ ಹೆಣ್ಣುಮಗಳು ಮೂಗು ಸೀನಿ, ಕನ್ನಡಿ ನೋಡಿ, "ಅಮ್ಮ ಫೋನ್ ಮಾಡಿದ್ಲಾ?" ಎಂದು ಯಾರನ್ನೋ ಕೇಳಿ, ಆಮೇಲೆ ಗಂಭೀರವಾಗಿ ಭೂಕಂಪದ ಸುದ್ದಿಗೆ ತಯಾರಾಗುವುದನ್ನು ನಾರಿನ್ ಊರಲ್ಲಿ ಎಸೆನ್‌ಕುಲ್ ಒಬ್ಬನೇ ನೋಡಿದ್ದ. ಡಿಶ್ ತಿರುಗಿಸಲು ಕೆಟ್ಟುಹೋದ ಲಾರಿಯ ವೈಪರ್ ಮೋಟಾರು ಜೋಡಿಸಿದ್ದ. ಅದು ತಿರುಗುವಾಗ ಕತ್ತೆ ಆಕಳಿಸಿದಂತೆ ಸದ್ದಾಗುತ್ತಿತ್ತು. ಇವತ್ತು ಈ ಆಕಾಶ, ನಾಳೆ ಆ ಆಕಾಶ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷ ಊರವರ ಮಾತಿಗೆ ತಂತಿ ಕೂಡಿಸಿ, ತನ್ನ ಜೊತೆ ಯಾರೂ ಮಾತಾಡದೆ ನಿವೃತ್ತನಾದವನಿಗೆ ಇದೊಂದೇ ಸುಖ.

ಸ್ಪ್ಯಾನರನ್ನು ಮಡಿಲಲ್ಲಿಟ್ಟುಕೊಂಡೇ ಅವನು ಕೊನೆಯ ಬಾರಿಗೆ ಕಂಪ್ಯೂಟರ್ ಮುಂದೆ ಕೂತ. ಮೋಟಾರು ಆಕಳಿಸಿತು. ಪೂರ್ವಕ್ಕೆ ತಿರುಗುತ್ತಾ ತಿರುಗುತ್ತಾ ಒಂದು ಕಡೆ ಚಿತ್ರ ಪಟ್ಟನೆ ಬಿಚ್ಚಿಕೊಂಡಿತು: ದೊಡ್ಡದೊಂದು ಒಳಾಂಗಣ, ನಡುವೆ ಕುಸ್ತಿಯ ಹಳದಿ ಚಾಪೆ, ದೂರದಲ್ಲಿ ವಿಜೇತರು ನಿಲ್ಲುವ ಮೂರು ಮೆಟ್ಟಿಲು. ಧ್ವನಿವರ್ಧಕದಲ್ಲಿ ಒಬ್ಬಳು ಘಂಟಾಘೋಷವಾಗಿ ಹೇಳಿದಳು: "ಎಪ್ಪತ್ತನಾಲ್ಕು ಕಿಲೋ ವಿಭಾಗ. ಚಿನ್ನದ ಪದಕ, ಮೆದೆರ್ ಕಲ್ಮಾತೊವ್, ಕಿರ್ಗಿಜ್ ಗಣರಾಜ್ಯ!"

ಎಸೆನ್‌ಕುಲನ ಕೈಯಿಂದ ಚಹಾ ಬಟ್ಟಲು ಜಾರಿತು. ಮೆದೆರ್ ಅಂದರೆ ಕೆಳಮನೆಯ ಮೆದೆರ್! ಬೂಬುಸಾರ ಎಜೆಯ ಒಬ್ಬನೇ ಮಗ, ಕುಸ್ತಿಗೆಂದು ಪೂರ್ವದ ಪರದೇಶಕ್ಕೆ ಹೋದವನು! ಕೆಂಪು ಬಾವುಟ ಮೇಲೇರಿತು. ರಾಷ್ಟ್ರಗೀತೆ ಶುರುವಾಯಿತು. ಎಸೆನ್‌ಕುಲ್ ಎದ್ದು ನಿಂತು, ಸ್ಪ್ಯಾನರ್ ಹಿಡಿದ ಕೈಯನ್ನೇ ಎದೆ ಮೇಲಿಟ್ಟುಕೊಂಡ. ಆದರೆ ಗೀತೆ ಎರಡನೇ ಸಾಲಿಗೆ ಬರುವ ಹೊತ್ತಿಗೆ ಅವನ ಎದೆಯೊಳಗೆ ಬೇರೊಂದು ಶಬ್ದ ಹೊಡೆದುಕೊಳ್ಳಲು ಶುರುವಾಗಿತ್ತು.

ಸುಯುಂಚು!

ಒಳ್ಳೆಯ ಸುದ್ದಿ ಎಲ್ಲರಿಗಿಂತ ಮೊದಲು ತಂದವನಿಗೆ ಸುಯುಂಚು ಕೊಡದ ಮನೆ ನಾರಿನ್‌ನಲ್ಲಿಲ್ಲ. ಸುದ್ದಿ ಏನೆಂದು ಹೇಳುವುದಕ್ಕೆ ಮುಂಚೆ ಹೊಸ್ತಿಲಲ್ಲಿ ನಿಂತು "ಸುಯುಂಚು!" ಎಂದು ಕೂಗಬೇಕು; ಮನೆಯವರು ಕೇಳಿದ್ದು ಕೊಡುತ್ತೇವೆ ಎನ್ನಬೇಕು; ಆಮೇಲೆ ಸುದ್ದಿ. ಟೋಪಿ ಗೆದ್ದವರಿದ್ದಾರೆ, ಕುದುರೆ ಗೆದ್ದವರೂ ಇದ್ದಾರೆ. ಎರಡನೆಯವನಾಗಿ ಬಂದವನಿಗೆ ಮಾತ್ರ ಬರೀ ಚಹಾ. ಎಸೆನ್‌ಕುಲ್ ಐವತ್ತೊಂದು ವರ್ಷ ಚಹಾ ಕುಡಿದೇ ಬದುಕಿದವನು. ಅವನ ಸ್ವಂತ ಮಗಳು ಹುಟ್ಟಿದ ಸುದ್ದಿಯನ್ನೂ ಅವನಿಗೆ ಅಬ್ದಿಲ್ದಾನೇ ತಂದು ಹೊಸ ಟೋಪಿ ಹೊಡೆದುಕೊಂಡು ಹೋಗಿದ್ದ.

ಗೀತೆ ಮುಗಿಯುವವರೆಗೆ ನಿಲ್ಲುವ ದೇಶಭಕ್ತಿ ಅವನಿಗೆ ಸಾಲಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಕೈಯಲ್ಲಿ ಸ್ಪ್ಯಾನರ್. ಮೆಟ್ಟಿಲು ಇಳಿದು ಕೆಳಮನೆಯ ಬಾಗಿಲು ಬಡಿದ.

"ಸುಯುಂಚು, ಎಜೆ! ಸುಯುಂಚು!"

ಬಾಗಿಲು ತೆರೆದ ಬೂಬುಸಾರ ಮೊದಲು ನೋಡಿದ್ದು ಸ್ಪ್ಯಾನರನ್ನು. "ಇಳಿಸಿದ್ಯಾ?"

"ಅದಲ್ಲ ಎಜೆ. ಅದಕ್ಕಿಂತ ದೊಡ್ಡದು. ಮೊದ್ಲು ಕೊಡ್ತೀನಿ ಅನ್ನಿ."

ಆಕೆಯ ಮುಖದ ಬಣ್ಣ ಇಳಿಯಿತು. ಕೈ ಬಾಗಿಲ ಚೌಕಟ್ಟು ಹಿಡಿಯಿತು. "ಮೆದೆರ್ ವಿಷ್ಯನಾ?"

"ಮೊದ್ಲು ಅನ್ನಿ!"

"ಕೊಡ್ತೀನಿ ಕಣೋ, ಏನು ಬೇಕಾದ್ರೂ ಕೊಡ್ತೀನಿ. ಹೇಳೋ ಮಾರಾಯ, ಜೀವ ಹೋಗ್ತಿದೆ!"

"ಡಿಶ್ ಇರ್ಬೇಕು. ಇಳಿಸೋ ಹಾಗಿಲ್ಲ."

"ಇರ್ಲಿ ಬಿಡು ನಿನ್ನ ತಟ್ಟೆ! ಹೇಳು!"

"ಚಿನ್ನ, ಎಜೆ. ಮೆದೆರ್‌ಗೆ ಚಿನ್ನ. ಬಾವುಟ ಏರ್ತು. ನಾನೇ ನೋಡ್ದೆ."

ಇಪ್ಪತ್ತು ವರ್ಷದಲ್ಲಿ ಬೂಬುಸಾರ ನಕ್ಕಿದ್ದನ್ನು ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ. ಈಗ ಆಕೆ ನಗಲಿಲ್ಲ, ಅತ್ತಳು. ಅಳುತ್ತಲೇ ಎಸೆನ್‌ಕುಲನನ್ನು ಹಿಟ್ಟು ನಾದುವಂತೆ ಎದೆಗೆ ಒತ್ತಿಕೊಂಡು ಎರಡು ಕೆನ್ನೆಗೂ ಮುತ್ತು ಕೊಟ್ಟಳು. ಆಮೇಲೆ ತಟ್ಟನೆ ನಿಂತು, "ಟೀವಿಯಲ್ಲಿ ಸಂಜೆ ಐದಕ್ಕಲ್ವಾ ಪಂದ್ಯ?" ಎಂದಳು.

"ಟೀವಿಯವ್ರು ಬೇಯಿಸಿ ಬಡಿಸೋದು ಐದಕ್ಕೆ, ಎಜೆ. ನಂದು ನೇರ ಅಡುಗೆಮನೆಯಿಂದ. ಅಲ್ದೆ ಅಲ್ಲಿ ಸೂರ್ಯ ನಮಗಿಂತ ಮೊದ್ಲು ಹುಟ್ತಾನೆ."

ಇದು ಆಕೆಗೆ ಸರಿಯಾಗಿ ಕಂಡಿತು. ಅವನಿಗೂ ಸರಿಯಾಗೇ ಕಂಡಿತು. ಮಗನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಪಂದ್ಯದ ದಿನ ಗುರುಗಳು ಫೋನು ಕಿತ್ತಿಟ್ಟುಕೊಳ್ಳುತ್ತಾರೆ ಎಂಬುದು ಗೊತ್ತಿದ್ದದ್ದೇ. ಬೂಬುಸಾರ ಬಾಲ್ಕನಿಗೆ ಹೋಗಿ, ಬ್ರೆಡ್ ಕಾರ್ಖಾನೆಯ ಶಿಫ್ಟು ಕರೆಯುವ ಗಂಟಲಲ್ಲಿ ಕೂಗಿದಳು: "ಅಬ್ದಿಲ್ದಾ! ಕುರಿ ಬಿಚ್ಚು! ಚಿನ್ನ ಬಂತು!"

ಮಗ ಬರುವ ದಿನಕ್ಕೆಂದು ಗ್ಯಾರೇಜಿನಲ್ಲಿ ಕಟ್ಟಿದ್ದ ಕುರಿ ಅದು. ಹತ್ತು ನಿಮಿಷದಲ್ಲಿ ಅಂಗಳದಲ್ಲಿ ಒಲೆ, ಒಲೆ ಮೇಲೆ ಕೊಪ್ಪರಿಗೆ, ಸುತ್ತಲೂ ಚಾಕು ಹಿಡಿದ ಗಂಡಸರು, ಎಣ್ಣೆ ಕಾಯಿಸುವ ಹೆಂಗಸರು.

ಎಸೆನ್‌ಕುಲ್ ಗಾಳಿಯಲ್ಲಿ ತೇಲುತ್ತಾ ಮನೆಗೆ ಬಂದ. ಸ್ಪ್ಯಾನರನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ. ಇನ್ನು ಆರಾಮಾಗಿ ಕೂತು ನೋಡೋಣವೆಂದು ಪರದೆಯ ಮುಂದೆ ಕೂತರೆ, ಅಲ್ಲಿ ಇನ್ನೂ ಪದಕ ಪ್ರದಾನವೇ ನಡೆಯುತ್ತಿತ್ತು.

"ಎಪ್ಪತ್ತನಾಲ್ಕು ಕಿಲೋ ವಿಭಾಗ. ಚಿನ್ನದ ಪದಕ, ಮಂಗೋಲಿಯಾ!"

ಎಸೆನ್‌ಕುಲ್ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡ. ಮಂಗೋಲಿಯದ ಬಾವುಟ ಏರಿತು. ಗೀತೆ ಅರ್ಧಕ್ಕೇ ನಿಂತಿತು. ಮತ್ತೆ ಅವಳದೇ ಧ್ವನಿ: "ಎಪ್ಪತ್ತನಾಲ್ಕು ಕಿಲೋ ವಿಭಾಗ. ಚಿನ್ನದ ಪದಕ, ಇರಾನ್!" ಈ ಸಲ ಬಾವುಟ ಮಧ್ಯದಲ್ಲಿ ಸಿಕ್ಕಿಕೊಂಡಿತು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡವನೊಬ್ಬ ಓಡಿ ಬಂದು, "ಹಗ್ಗ! ಹಗ್ಗ ನೋಡ್ರೋ! ಮತ್ತೆ ಮೊದಲಿಂದ!" ಎಂದು ಕಿರುಚಿದ. ಅಷ್ಟರಲ್ಲಿ ಕ್ಯಾಮೆರಾದವನಿಗೆ ಹತ್ತಿರ ಹೋಗುವ ಬುದ್ಧಿ ಬಂತು. ಮೆಟ್ಟಿಲಿನ ತುತ್ತತುದಿಯಲ್ಲಿ, ಚಿನ್ನ ಗೆದ್ದ ಜಾಗದಲ್ಲಿ, ಎರಡು ಜಡೆಯ ದುಂಡನೆಯ ಹುಡುಗಿಯೊಬ್ಬಳು ಸೇಬು ತಿನ್ನುತ್ತಾ ನಿಂತಿದ್ದಳು.

ಹಿಂದಿನಿಂದ ಇಣುಕಿದ ಜಿಪಾರ್ ಕೇಳಿದಳು: "ಅಯ್ಯೋ, ಇದೇನ್ರೀ, ನಮ್ಮ ಮೆದೆರ್‌ಗೆ ಜಡೆ ಬಂದಿದೆ?"

"ರಿಹರ್ಸಲ್ಲು" ಎಂದ ಎಸೆನ್‌ಕುಲ್. ಧ್ವನಿ ಬಾವಿಯ ತಳದಿಂದ ಬಂದಂತಿತ್ತು. "ಸಂಜೆ ಬಾವುಟ ಸರಿಯಾಗಿ ಏರುತ್ತೋ ಇಲ್ವೋ ಅಂತ ನೋಡ್ತಿದಾರೆ. ಸೆಮಿಫೈನಲ್ಲಿಗೆ ಬಂದಿರೋ ನಾಲ್ಕು ಜನರ ಹೆಸರನ್ನೂ ಒಂದೊಂದ್ಸಲ ಕೂಗ್ತಿದಾರೆ."

ಜಿಪಾರ್ ಬಾಲ್ಕನಿಯಿಂದ ಕೆಳಗೆ ನೋಡಿದಳು. "ಕುರಿ ಹೋಯ್ತು" ಎಂದಳು.

ಎಸೆನ್‌ಕುಲ್ ಕೆಳಗಿಳಿದ. ಹೇಳಿಬಿಡಬೇಕು, ಈಗಲೇ. ಆದರೆ ಆ ಒಂದು ಮಹಡಿ ಇಳಿಯುವುದಕ್ಕೆ ಅವನಿಗೆ ಹಿಡಿದಷ್ಟು ಹೊತ್ತು ಕುದುರೆಗೆ ಬೆಟ್ಟ ಇಳಿಯುವುದಕ್ಕೂ ಹಿಡಿಯದು. ಬೂಬುಸಾರಳ ಅಡುಗೆಮನೆಯಲ್ಲಿ ಬೋರ್ಸೋಕ್ ಎಂಬ ಹಿಟ್ಟಿನ ತುಣುಕುಗಳು ಎಣ್ಣೆಯಲ್ಲಿ ಉಬ್ಬಿ ತೇಲುತ್ತಿದ್ದವು. ಆಕೆ ಒಂದನ್ನು ತೆಗೆದು, ಉರುಬಿ, ಮಗುವಿಗೆ ಕೊಡುವಂತೆ ಅವನ ಬಾಯಿಗೇ ಇಟ್ಟಳು.

"ಎಜೆ, ಒಂದು ಮಾತು..."

"ನಾನೂ ಒಂದು ಮಾತು ಹೇಳ್ಬೇಕು ನಿಂಗೆ, ಕೂತ್ಕೋ" ಎಂದಳು ಬೂಬುಸಾರ, ಜಾಲರಿ ಸೌಟು ಒರಗಿಸಿಟ್ಟು. "ಅವನಿಗೆ ಹನ್ನೊಂದು ವರ್ಷ ಇದ್ದಾಗ ಕುಸ್ತಿ ಬೂಟು ಬೀರುವಲ್ಲಿಟ್ಟು ಬೀಗ ಹಾಕ್ದೆ. ಅವರಪ್ಪ ಸತ್ತ ವರ್ಷ ಅದು. ಕುಸ್ತಿ ಆಡಿದ್ರೆ ಹೊಟ್ಟೆ ತುಂಬುತ್ತೇನೋ, ಕಾರ್ಖಾನೆಗೆ ಬಾ ಅಂದೆ. ಆ ಮಗು ಬರಿಗಾಲಲ್ಲೇ ಹೋಗಿ ಆಡ್ತಿತ್ತಂತೆ ಕಣೋ. ಎರಡು ವರ್ಷ. ನಂಗೆ ಗೊತ್ತೇ ಇರ್ಲಿಲ್ಲ." ಆಕೆ ಕಣ್ಣೊರೆಸಿಕೊಂಡಳು, ಮೂಗಿನ ತುದಿಗೆ ಹಿಟ್ಟು ಮೆತ್ತಿತು. "ನಾನು ತಪ್ಪು ಮಾಡ್ದೆ ಅಂತ ಅವನ ಹತ್ರ ಯಾವತ್ತೂ ಹೇಳಿಲ್ಲ. ಗೆದ್ದ ದಿನ ಹೇಳ್ತೀನಿ ಅಂತ ಇಟ್ಕೊಂಡಿದ್ದೆ. ಇವತ್ತು ಫೋನ್ ಸಿಕ್ಕ ತಕ್ಷಣ ಹೇಳ್ತೀನಿ. ನೀನೇನು ಹೇಳೋಕ್ ಬಂದೆ?"

ಎಸೆನ್‌ಕುಲ್ ಬಾಯಲ್ಲಿದ್ದ ಬೋರ್ಸೋಕ್ ನುಂಗಿದ.

"ಚೆನ್ನಾಗಿ ಬೆಂದಿದೆ ಎಜೆ" ಎಂದ.

ಅಲ್ಲಿಂದ ಅಂಗಳಕ್ಕೆ ಹೋದ. ಯಾರಿಗಾದರೂ ಹೇಳಿ ಹಗುರಾಗಬೇಕಿತ್ತು. ಅಂಥ ಹೊತ್ತಲ್ಲಿ ಮನುಷ್ಯ ಹುಡುಕಿ ಹುಡುಕಿ ತಪ್ಪು ಜನರಿಗೇ ಹೇಳುತ್ತಾನೆ. ಮೊಣಕೈವರೆಗೆ ಕುರಿಯೊಳಗಿದ್ದ ಅಬ್ದಿಲ್ದಾನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿವಿಯಲ್ಲಿ ಎಲ್ಲಾ ಉಸುರಿದ.

ಅಬ್ದಿಲ್ದಾ ಮೂವತ್ತು ವರ್ಷ ವೆಲ್ಡಿಂಗ್ ಯಂತ್ರದ ಪಕ್ಕ ಬದುಕಿದವನು. ಪಿಸುಮಾತು ಅವನಿಗೆ ದೇವರು ಕೊಟ್ಟಿರಲಿಲ್ಲ.

"ಏನು? ರಿಹರ್ಸಲ್ಲಾ? ಪಂದ್ಯನೇ ಆಗಿಲ್ವಾ? ಈಗ ಈ ಕುರೀನ ಹೊಲಿದು ವಾಪಸ್ ಎಬ್ಬಿಸ್ಲೇನಯ್ಯಾ?"

ಅಂಗಳದಲ್ಲಿ ಚಾಕುಗಳು ನಿಂತವು. ಹೆಂಗಸರ ನಗು ನಿಂತಿತು. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಬೂಬುಸಾರ ಸೌಟು ಹಿಡಿದು ನಿಂತಿದ್ದಳು. ಆಕೆ ಬೈಯಲಿಲ್ಲ. ಬೈದಿದ್ದರೆ ಎಸೆನ್‌ಕುಲ್ ಬದುಕಿಕೊಳ್ಳುತ್ತಿದ್ದ. ಇಡೀ ಅಂಗಳಕ್ಕೆ ಕೇಳುವ ಹಾಗೆ, ಆದರೆ ಮೆಲ್ಲಗೆ ಕೇಳಿದಳು:

"ಡಿಶ್‌ಗೋಸ್ಕರನಾ, ಎಸೆನ್‌ಕುಲ್?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ತಾಯಿಯೊಬ್ಬಳು ಜೀವ ಹೋಗ್ತಿದೆ ಎಂದು ಬಾಗಿಲು ಹಿಡಿದು ನಿಂತಿದ್ದಾಗ ತಾನು ಮೊದಲು ಡಿಶ್ ಕೇಳಿ ಆಮೇಲೆ ಮಗನ ಸುದ್ದಿ ಹೇಳಿದ್ದೂ ನಿಜವೇ. ಅವನು ನೆಲ ನೋಡುತ್ತಾ, "ಹೂಂ ಎಜೆ" ಎಂದ.

ಆಕೆ ಒಳಗೆ ಹೋದಳು. ಕೊಪ್ಪರಿಗೆ ಮಾತ್ರ ಕೊತಕೊತ ಎನ್ನುತ್ತಿತ್ತು. ಯಾರೋ ಹಿಂದಿನಿಂದ, "ಇವ್ನ ಹತ್ರ ನಾಳೆಯ ಹವಾಮಾನಾನೂ ಕೇಳ್ಬೇಡಿ" ಎಂದರು.

ಮಧ್ಯಾಹ್ನವೆಲ್ಲ ಎಸೆನ್‌ಕುಲ್ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾಲ್ಕೂವರೆಗೆ ಎದ್ದು, ಕಂಪ್ಯೂಟರಿನ ವೈರನ್ನು ಗೋಡೆಯಿಂದ ಕಿತ್ತ. ಸ್ಪ್ಯಾನರನ್ನು ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆದ. ಆರು ಗಂಟೆಯ ಗಡುವಿಗಾಗಿ ಅಲ್ಲ; ಗಡುವು ಇಲ್ಲದಿದ್ದರೂ ಈಗ ಇಳಿಸುತ್ತಿದ್ದ. ಆ ಡಿಶ್ಶಿನ ಮುಖ ನೋಡುವುದು ಅವನಿಂದ ಆಗುತ್ತಿರಲಿಲ್ಲ.

ಕೆಳಮನೆಯಲ್ಲಿ ಇಡೀ ಕಟ್ಟಡವೇ ಟೀವಿಯ ಮುಂದೆ ಕೂತಿತ್ತು. ಬೆಂದ ಮಾಂಸಕ್ಕೆ ಯಾರೂ ಕೈ ಹಾಕಿರಲಿಲ್ಲ. ಏನೆಂದು ಹೇಳಿ ತಿನ್ನುವುದೆಂದು ಗೊತ್ತಾಗದೆ ಮುಚ್ಚಿಟ್ಟಿದ್ದರು. ಮೇಲೆ ಬಾಲ್ಕನಿಯಲ್ಲಿ ಜಿಪಾರ್ ಎರಡೂ ಕೈ ಚಾಚಿ, ದಪ್ಪ ನೆಂಟನನ್ನು ಅಪ್ಪಿಕೊಂಡಂತೆ ಡಿಶ್ಶನ್ನು ಹಿಡಿದು ನಿಂತಿದ್ದಳು. ಎಸೆನ್‌ಕುಲ್ ತುಕ್ಕು ಹಿಡಿದ ಬೋಲ್ಟುಗಳ ಜೊತೆ ಗುದ್ದಾಡುತ್ತಿದ್ದ.

"ನೀವು ನೋಡಲ್ವಾ ಪಂದ್ಯ?"

"ಇಲ್ಲ."

"ಊರಲ್ಲೇ ಒಳ್ಳೆ ಚಿತ್ರ ಬರೋದು ನಮ್ಮನೇಲಿ."

"ಗಟ್ಟಿಯಾಗಿ ಹಿಡ್ಕೋ ಜಿಪಾರ್."

ಮೂರು ಬೋಲ್ಟು ಬಿಚ್ಚಿದ. ನಾಲ್ಕನೆಯದಕ್ಕೆ ಸ್ಪ್ಯಾನರ್ ಹಾಕಿದಾಗ ಕೆಳಗಿನಿಂದ ಎದ್ದ ಗದ್ದಲಕ್ಕೆ ಬಾಲ್ಕನಿಯೇ ಅದುರಿತು. ಸೋತ ಕೂಗೋ ಗೆದ್ದ ಕೂಗೋ ತಿಳಿಯಲಿಲ್ಲ. ಆಮೇಲೆ ಪಾತ್ರೆ ಬಿದ್ದ ಸದ್ದು; ನಾಲ್ಕನೇ ಬೋಲ್ಟಿನ ಜೊತೆ ಕಾಲು ಗಂಟೆ ಗುದ್ದಾಡುವಷ್ಟರಲ್ಲಿ ಮೆಟ್ಟಿಲ ಮೇಲೆ ಮೂವತ್ತು ಜೋಡಿ ಕಾಲಿನ ಸದ್ದು. ತನ್ನನ್ನು ಹೊಡೆಯಲು ಬರುತ್ತಿದ್ದಾರೆಂದು ಎಸೆನ್‌ಕುಲ್ ಸ್ಪ್ಯಾನರನ್ನು ಕೆಳಗಿಟ್ಟ. ಹೊಡೆಯಲಿ, ನ್ಯಾಯವೇ.

ಬಾಗಿಲು ಧಡಾರನೆ ತೆರೆದುಕೊಂಡಿತು. ಮುಂದೆ ಬೂಬುಸಾರ, ಕೈಯಲ್ಲಿ ಫೋನು, ಫೋನಿನಲ್ಲಿ ಮಗನ ಅಳು. "ಬೂಟಿನ ವಿಷ್ಯ ಹೇಳ್ದೆ ಕಣೋ! ಹೇಳಿಬಿಟ್ಟೆ! ಚಿನ್ನ, ನಿಜವಾದ ಚಿನ್ನ!" ಆಮೇಲೆ ಆಕೆಯ ಕಣ್ಣು ಒಂದೇ ಬೋಲ್ಟಿನ ಮೇಲೆ ನೇತಾಡುತ್ತಿದ್ದ ಡಿಶ್ ಮೇಲೆ ಬಿತ್ತು. ಕಿಟಾರನೆ ಕಿರುಚಿದಳು: "ಮುಟ್ಟಬೇಡ ಅದನ್ನ!"

"ಇಳಿಸ್ತಿದೀನಿ ಎಜೆ. ನನ್ನಿಂದ ತಪ್ಪಾಯ್ತು."

"ಯಾವ ತಪ್ಪು? ಬೆಳಿಗ್ಗೆ ಏನು ತೋರಿಸ್ತೋ ಸಂಜೆ ಅದೇ ಆಯ್ತು. ಇಡೀ ದೇಶಕ್ಕಿಂತ ಏಳು ಗಂಟೆ ಮೊದ್ಲು ತೋರಿಸ್ತು. ಇದು ಬರೀ ತಟ್ಟೆ ಅಲ್ಲ."

"ಅಯ್ಯೋ ಎಜೆ, ಅದು ರಿಹರ್ಸಲ್ಲು. ನಾಲ್ಕು ಜನರ ಹೆಸರೂ ಕೂಗಿದ್ರು."

"ನಿಂಗೆ ಮೊದ್ಲು ತೋರಿಸಿದ್ದು ಯಾರ ಹೆಸರು?"

ಎಸೆನ್‌ಕುಲ್ ತಡವರಿಸಿದ. "...ಮೆದೆರ್‌ದು."

"ಮತ್ತೆ!" ಎಂದಿತು ಇಡೀ ಕೋಣೆ.

ಬೂಬುಸಾರ ತಲೆಗೆ ಕಟ್ಟಿದ ಬಿಳಿ ವಸ್ತ್ರದ ಅಂಚು ಹರಿದು ಡಿಶ್ಶಿನ ತೋಳಿಗೆ ಕಟ್ಟಿದಳು. ಬೆಟ್ಟದ ಮೇಲಿನ ಪವಿತ್ರ ಮರಕ್ಕೆ ಹರಕೆ ಬಟ್ಟೆ ಕಟ್ಟುವ ಹಾಗೆಯೇ ಕಟ್ಟಿ, ಕಣ್ಣುಮುಚ್ಚಿ, ಅಂಗೈಯನ್ನು ಮುಖದ ಮೇಲೆ ಇಳಿಸಿಕೊಂಡಳು. ಅದನ್ನು ನೋಡಿ ಮೂರನೇ ಮಹಡಿಯವಳು ತನ್ನ ಕರವಸ್ತ್ರ ಹರಿದಳು. ಅವಳ ಮಗಳಿಗೆ ಮದುವೆ ಆಗಬೇಕಿತ್ತು. ಇನ್ನೊಬ್ಬಳ ಗಂಡನಿಗೆ ಮಂಡಿನೋವು. ಬಟ್ಟೆ ಸಾಲದೆ ಯಾರೋ ಜಿಪಾರಳ ಕಿಟಕಿ ಪರದೆಗೂ ಕೈ ಹಾಕಿದರು.

"ಸುಯುಂಚು ಕೇಳಿದ್ದೆ, ಕೊಟ್ಟಿದೀನಿ" ಎಂದಳು ಬೂಬುಸಾರ. "ಡಿಶ್ ಇಲ್ಲೇ ಇರುತ್ತೆ. ನನ್ನ ಜೀವ ಇರೋವರೆಗೆ ಯಾರೂ ಇಳಿಸೋ ಹಾಗಿಲ್ಲ. ಅಬ್ದಿಲ್ದಾ! ಯಂತ್ರ ತಾ. ಬೋಲ್ಟು ನಂಬೋದು ಬೇಡ, ವೆಲ್ಡಿಂಗ್ ಮಾಡಿಬಿಡು."

ಎಸೆನ್‌ಕುಲನಿಗೆ ಆಗ ಹೊಳೆಯಿತು. "ಎಜೆ, ವೆಲ್ಡಿಂಗ್ ಬೇಡ! ಅದು ತಿರುಗ್ಬೇಕು. ತಿರುಗಿದ್ರೇನೇ ಅದಕ್ಕೆ ಬೆಲೆ. ದಿನಕ್ಕೆ ನಲವತ್ತು ಸಲ ತಿರುಗಿಸ್ತೀನಿ ನಾನು."

"ಎಲ್ಲಿಗೆ ತಿರುಗಬೇಕು?" ಎಂದಳು ಬೂಬುಸಾರ, ನಿಜವಾದ ಆಶ್ಚರ್ಯದಿಂದ. "ಒಳ್ಳೆ ಸುದ್ದಿ ಬಂದ ದಿಕ್ಕು ಬಿಟ್ಟು ಇನ್ನೆಲ್ಲಿಗೆ ತಿರುಗಬೇಕೋ?"

ಅಬ್ದಿಲ್ದಾ ಕನ್ನಡಕ ಹಾಕಿಕೊಂಡ. ಹಳೆಯ ತುಕ್ಕಿನ ಗುರುತಿಗೆ ಸರಿಯಾಗಿ ಡಿಶ್ ನಿಲ್ಲಿಸಿ, ಕಂಬಿಗೂ ತೋಳಿಗೂ ಸೇರಿಸಿ ಬೆಸುಗೆ ಹಾಕಿದ. ಜೀವನದಲ್ಲಿ ಮೊದಲ ಬಾರಿಗೆ ಅವನ ಕೆಲಸ ಕೂದಲೆಳೆಯಷ್ಟೂ ಓರೆಯಾಗಲಿಲ್ಲ. ವೈಪರ್ ಮೋಟಾರು ಅಡ್ಡ ಬಂತೆಂದು ಕಿತ್ತು ಮೂಲೆಗೆ ಹಾಕಿದ.

ಎಲ್ಲರೂ ಉಣ್ಣಲು ಇಳಿದು ಹೋದ ಮೇಲೆ ಎಸೆನ್‌ಕುಲ್ ಕಂಪ್ಯೂಟರಿನ ವೈರು ಮತ್ತೆ ಚುಚ್ಚಿ ಕೂತ. ಒಳಾಂಗಣ ಖಾಲಿಯಾಗಿತ್ತು. ಮೆದೆರ್ ನಿಂತಿದ್ದ ಮೆಟ್ಟಿಲನ್ನು ಇಬ್ಬರು ಹೊತ್ತು ಹೋಗುತ್ತಿದ್ದರು. ಒಬ್ಬಳು ಮುದುಕಿ ಹಳದಿ ಚಾಪೆ ಗುಡಿಸುತ್ತಿದ್ದಳು. ಅವಳ ಪೊರಕೆಯ ಒಂದೊಂದು ಕಡ್ಡಿಯೂ ಕಾಣುತ್ತಿತ್ತು. ನಿಜವಾದ ಬಾವುಟ ನಿಜವಾಗಿ ಏರಿದ್ದನ್ನು ಮಾತ್ರ ನಾರಿನ್‌ನಲ್ಲಿ ನೋಡದೆ ಉಳಿದವರು ಅವನೂ ಜಿಪಾರೂ ಇಬ್ಬರೇ. ಡಿಶ್ ಈಗ ಮುಖಮಾಡಿ ನಿಂತ ಆ ಮೂಲೆಯ ಉಪಗ್ರಹದಲ್ಲಿ ವರ್ಷಕ್ಕೊಮ್ಮೆ ಈ ಕುಸ್ತಿ ಬಿಟ್ಟರೆ ಬೇರೇನೂ ಬರುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಯಾರೋ ದೀಪ ಆರಿಸಿದರು. ಚಿತ್ರ ಹೋಗಿ, ಪರದೆಯ ತುಂಬ ಪ್ರಸಾರವಿಲ್ಲದಾಗ ಬರುವ ಬಣ್ಣದ ಉದ್ದ ಪಟ್ಟಿಗಳು ಬಂದು ನಿಂತವು. ಜೊತೆಗೆ ಕುಂಯ್ ಎನ್ನುವ ಒಂದೇ ಸ್ವರ.

ಜಿಪಾರ್ ಎರಡು ಬಟ್ಟಲು ಚಹಾ ತಂದು ಪಕ್ಕದಲ್ಲಿ ಕೂತಳು. ಇಬ್ಬರೂ ಪರದೆ ನೋಡುತ್ತಾ ಚಹಾ ಹೀರಿದರು.

"ಚಿತ್ರ ಮಾತ್ರ ಚೆನ್ನಾಗಿದೆ ಕಣ್ರೀ" ಎಂದಳು ಅವಳು. "ಒಂದು ಚುಕ್ಕೆ ಅಲುಗಾಡ್ತಿಲ್ಲ."